ಹಳೆಯ ಟ್ಯಾಂಕಿಗೆ ಹಳೆಯ ಗಡಿಯಾರ

ಮುಂಬಯಿ ಪಕ್ಕದ ಐರೋಲಿಯಲ್ಲಿ ಮಳೆ ಹಿಡಿಯಿತೆಂದರೆ ಖಾಡಿಯ ಕಡೆಯಿಂದ ಬೀಸುವ ಗಾಳಿಗೆ ಮನೆಯೊಳಗಿನದೆಲ್ಲ ಮೆತ್ತಗಾಗುತ್ತದೆ. ಹಪ್ಪಳ, ಪುಸ್ತಕ, ಬೆಂಕಿಪೆಟ್ಟಿಗೆ ಯಾವುದೂ ಗರಿಗರಿಯಾಗಿ ಉಳಿಯುವುದಿಲ್ಲ. ಅಂಥದೊಂದು ಜುಲೈ ಭಾನುವಾರ ಅಟ್ಟದ ಪೆಟ್ಟಿಗೆಗಳನ್ನು ಇಳಿಸಿ ಒರೆಸುತ್ತಿದ್ದಾಗ ಹಳೆಯ ಸಿ.ಡಿ. ಒಂದು ಕೈಗೆ ಬಂತು. ಐರೋಲಿಗೆ ಲೋಕಲ್ ರೈಲು ಬಂದದ್ದು 2004ರಲ್ಲಿ. ಈ ಸಿ.ಡಿ. ಅದಕ್ಕೂ ಹಿಂದಿನದು. ಬಸ್ಸಿನಲ್ಲಿ ಮುಲುಂಡಿಗೆ ಹೋಗಿ, ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡದ್ದು. ಅದರೊಳಗೆ ನೂರಾರು ಶೇರ್‌ವೇರ್ ಆಟಗಳು. ನನಗೆ ಬೇಕಾದದ್ದು ಒಂದೇ: ‘ಸ್ಕಾರ್ಚ್ಡ್ ಅರ್ಥ್’.

ವೆಂಡೆಲ್ ಹಿಕನ್ ಎಂಬ ಅಮೆರಿಕದ ಪ್ರೋಗ್ರಾಮರ್ 1991ರಲ್ಲಿ ಹೊರತಂದ ಯುದ್ಧತಂತ್ರದ ಆಟ ಅದು. ಪರದೆಯ ಮೇಲೆ ಗುಡ್ಡಗಳ ಸಾಲು, ಗುಡ್ಡಗಳ ಮೇಲೆ ಬಣ್ಣಬಣ್ಣದ ಪುಟ್ಟ ಟ್ಯಾಂಕುಗಳು. ಹತ್ತು ಮಂದಿಯವರೆಗೆ ಆಡಬಹುದು. ಸರದಿ ಬಂದವರು ಫಿರಂಗಿಯ ಕೋನ ಹೊಂದಿಸಬೇಕು, ಮದ್ದಿನ ಬಲ ನಿರ್ಧರಿಸಬೇಕು, ಗಾಳಿ ಎತ್ತ ಬೀಸುತ್ತಿದೆ ನೋಡಬೇಕು, ಆಮೇಲೆ ಗುಂಡು ಹಾರಿಸಬೇಕು. ಗೆದ್ದ ದುಡ್ಡಿನಿಂದ ಮುಂದಿನ ಸುತ್ತಿಗೆ ಗುಂಡು, ಕವಚ, ಪ್ಯಾರಾಚೂಟು ಕೊಳ್ಳಬೇಕು. ಒಂದೇ ಕೀಬೋರ್ಡನ್ನು ಕೈಯಿಂದ ಕೈಗೆ ದಾಟಿಸುತ್ತ ಆಡುವ ಈ ಆಟಕ್ಕೆ ಕಂಪ್ಯೂಟರಿನ ಗುಣಕ್ಕಿಂತ ಚೌಕಾಬಾರದ ಮಣೆಯ ಗುಣವೇ ಹೆಚ್ಚು. ಸುತ್ತ ಕೂತವರೆಲ್ಲ ಸಲಹೆ ಕೊಡುತ್ತಾರೆ, ಸರದಿ ತಪ್ಪಿದರೆ ಜಗಳ ಆಗುತ್ತದೆ.

ಸಿ.ಡಿ. ಓದುವ ಡ್ರೈವ್ ಈಗಿನ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ. ಹೊರಗಿನಿಂದ ಸಿಕ್ಕಿಸುವುದೊಂದನ್ನು ತಂದೆ. ತಟ್ಟೆ ತಿರುಗಿತು, ತಡವರಿಸಿತು, ಎರಡು ಸಲ ಸೋತಿತು, ಮೂರನೆಯ ಸಲ ಓದಿತು. ತಟ್ಟೆಯ ಮೇಲೆ ಗೀರುಗಳಿದ್ದೂ ಅದು ಓದಿದ್ದು ಪವಾಡವಲ್ಲ. ಸಿ.ಡಿ.ಯಲ್ಲಿ ಮಾಹಿತಿಯನ್ನು ಒಂದೇ ಕಡೆ ರಾಶಿ ಹಾಕುವುದಿಲ್ಲ, ಚೂರುಗಳನ್ನಾಗಿ ಮಾಡಿ ದೂರದೂರಕ್ಕೆ ಹರಡಿ, ಜೊತೆಗೆ ತಾಳೆ ನೋಡುವ ಹೆಚ್ಚುವರಿ ಅಂಕಿಗಳನ್ನು ಸೇರಿಸಿರುತ್ತಾರೆ. ಹಾಗಾಗಿ ಒಂದೆರಡು ಮಿಲಿಮೀಟರಿನ ಗೀರು ನುಂಗಿದ ಅಂಕಿಗಳನ್ನು ಉಳಿದವುಗಳಿಂದ ಲೆಕ್ಕ ಹಾಕಿ ಮತ್ತೆ ಪಡೆಯಬಹುದು. ಆದರೆ ತೇವ ಒಳಗೆ ನುಸುಳಿ ಅಲ್ಯೂಮಿನಿಯಂ ಪದರವನ್ನೇ ತಿಂದರೆ ಯಾವ ಲೆಕ್ಕವೂ ಸಹಾಯಕ್ಕೆ ಬರುವುದಿಲ್ಲ. ಖಾಡಿಯ ಪಕ್ಕದಲ್ಲಿ ಬದುಕುವವರು ಇದನ್ನು ನೆನಪಿಡಬೇಕು.

ಆಟ ಒಂದು ಜಿಪ್ ಫೈಲಿನೊಳಗೆ ಮಡಚಿಕೊಂಡಿತ್ತು. ಈ ಮಡಚುವ ವಿದ್ಯೆಯನ್ನು ಫಿಲ್ ಕ್ಯಾಟ್ಜ್ ಎಂಬಾತ 1989ರಲ್ಲಿ ಹೊರತಂದದ್ದೂ ಶೇರ್‌ವೇರ್ ಆಗಿಯೇ. ಬಿಚ್ಚಿದರೆ ಎಲ್ಲ ಸೇರಿ ಒಂದು ಫ್ಲಾಪಿಗೆ ಹಿಡಿಯುವಷ್ಟು. ಫ್ಲಾಪಿಯ ಲೆಕ್ಕ ಹೀಗೆ: 80 ಸುತ್ತು, 2 ಮುಖ, ಪ್ರತಿ ಸುತ್ತಿನಲ್ಲಿ 18 ಕಂಡ, ಕಂಡಕ್ಕೆ 512 ಬೈಟು. ಗುಣಿಸಿದರೆ 14,74,560 ಬೈಟು.

“ಅಪ್ಪಾ, ಇಡೀ ಆಟ ಇಷ್ಟೇಯಾ? ನನ್ನ ಮೊಬೈಲಿನ ಒಂದು ಫೋಟೋ ಇದಕ್ಕಿಂತ ದೊಡ್ಡದು” ಎಂದಳು ಮಗಳು.

ಹೌದು. ಅಷ್ಟು ಚಿಕ್ಕದಾಗಿದ್ದರಿಂದಲೇ ಅದು ಅಮೆರಿಕದಿಂದ ಐರೋಲಿಯವರೆಗೆ ಬಂತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಮನೆಯ ಮೋಡೆಮ್ಮಿನ ವೇಗ ಸೆಕೆಂಡಿಗೆ 9,600 ಬಿಟ್. ಒಂದು ಫ್ಲಾಪಿಯಷ್ಟು ಮಾಹಿತಿ ಇಳಿಯಲು ಏನೂ ಅಡ್ಡಿ ಬಾರದಿದ್ದರೂ 20 ನಿಮಿಷಕ್ಕೂ ಹೆಚ್ಚು ಬೇಕು, ಅಷ್ಟು ಹೊತ್ತೂ ಮನೆಯ ಫೋನು ಎಂಗೇಜ್. ಹಾಗಾಗಿ ಆಟಗಳು ತಂತಿಯಲ್ಲಿ ಬರುವ ಬದಲು ಫ್ಲಾಪಿಯಲ್ಲಿ, ಪತ್ರಿಕೆಗಳ ಜೊತೆಗಿನ ಸಿ.ಡಿ.ಯಲ್ಲಿ, ಗೆಳೆಯರ ಕಿಸೆಯಲ್ಲಿ ಬಂದವು.

ಶೇರ್‌ವೇರ್ ಎಂದರೇನೆಂದು ಇಂದಿನ ಮಕ್ಕಳಿಗೆ ಹೇಳಬೇಕಾದರೆ ನನಗೆ ಹೊಳೆಯುವ ಹೋಲಿಕೆ ಹರಿಕಥೆಯ ಮಂಗಳಾರತಿ ತಟ್ಟೆ. ಬಾಗಿಲಲ್ಲಿ ಟಿಕೆಟ್ ಇಲ್ಲ, ಯಾರು ಬೇಕಾದರೂ ಕೂತು ಕೇಳಬಹುದು. ಕೊನೆಗೆ ತಟ್ಟೆ ಬರುತ್ತದೆ, ಮನಸ್ಸಿಗೆ ಬಂದಷ್ಟು ಹಾಕುತ್ತೀರಿ. 1982ರಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್ ಮತ್ತು ಜಿಮ್ ನಾಫ್ ಇಬ್ಬರೂ ತಮ್ಮ ತಂತ್ರಾಂಶಗಳನ್ನು ಹೀಗೆ ಹಂಚತೊಡಗಿದರು: ನಕಲು ಮಾಡಿ, ಗೆಳೆಯರಿಗೆ ಕೊಡಿ, ಉಪಯೋಗಕ್ಕೆ ಬಂದರೆ ದುಡ್ಡು ಕಳಿಸಿ. ಬಾಬ್ ವ್ಯಾಲೆಸ್ 1983ರ ತಮ್ಮ ‘ಪಿಸಿ-ರೈಟ್’ ಮೂಲಕ ಈ ಪದ್ಧತಿಗೆ ಶೇರ್‌ವೇರ್ ಎಂಬ ಹೆಸರನ್ನು ಜನಪ್ರಿಯಗೊಳಿಸಿದರು. ನಮ್ಮಲ್ಲಿ ತಟ್ಟೆ ಬಂದದ್ದು ಕಂಡರೂ ಡಾಲರ್ ಹಾಕುವ ದಾರಿ ಸಾಮಾನ್ಯ ಮನೆಗೆ ಇರಲಿಲ್ಲ. ನಾನೂ ಹಾಕಲಿಲ್ಲ. ಆ ಋಣ ನನ್ನ ಮೇಲಿದೆ.

ಫೈಲನ್ನು ಒತ್ತಿದೆ. ‘ಈ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲಿ ಓಡದು’ ಎಂಬ ಅರ್ಥದ ಸಂದೇಶ ಬಂತು. ಅಂದಿನ ಯಂತ್ರಕ್ಕಿಂತ ಸಾವಿರಾರು ಪಟ್ಟು ಬಲಿಷ್ಠವಾದ ಯಂತ್ರ, ಅಂದಿನ ಪುಟ್ಟ ಆಟವನ್ನು ಓಡಿಸಲಾರೆ ಎನ್ನುತ್ತಿದೆ. ಏಕೆ?

ಆಟ ಬರೆದದ್ದು 16 ಬಿಟ್‌ನ ಪ್ರೊಸೆಸರಿಗಾಗಿ. ಇಂಟೆಲ್ 1978ರಲ್ಲಿ ತಂದ 8086ರ ಭಾಷೆ ಅದು. 1985ರ 80386 ಪ್ರೊಸೆಸರು ತನ್ನ ಮನೆಯೊಳಗೆ ಈ ಹಿರಿಯನಿಗೊಂದು ಕೋಣೆ ಬಿಟ್ಟುಕೊಟ್ಟಿತ್ತು. ಹೊಸ ಕಾರ್ಯವ್ಯವಸ್ಥೆ ಓಡುತ್ತಿರುವಾಗಲೇ ಹಳೆಯ ತಂತ್ರಾಂಶ ತಾನು 8086ರಲ್ಲೇ ಇದ್ದೇನೆಂದು ನಂಬಿಕೊಂಡು ಕೆಲಸ ಮಾಡಬಹುದಿತ್ತು. 2003ರಲ್ಲಿ ಎಎಮ್‌ಡಿ ಕಂಪನಿಯ ವಿನ್ಯಾಸದೊಂದಿಗೆ 64 ಬಿಟ್‌ನ ಯುಗ ಶುರುವಾದಾಗ, ಪೂರ್ಣ 64 ಬಿಟ್ ಸ್ಥಿತಿಯಲ್ಲಿ ಆ ಕೋಣೆಯನ್ನು ತೆಗೆದುಹಾಕಿದರು. ಆದರೂ ಹಿರಿಯ ಪೂರ್ತಿ ಹೋಗಿಲ್ಲ. ನಿಮ್ಮ ಸಾಮಾನ್ಯ ಇಂಟೆಲ್ ಅಥವಾ ಎಎಮ್‌ಡಿ ಕಂಪ್ಯೂಟರು ಪ್ರತಿ ಸಲ ಗುಂಡಿ ಒತ್ತಿದಾಗ ಎಚ್ಚರಗೊಳ್ಳುವುದು 16 ಬಿಟ್‌ನ ಸ್ಥಿತಿಯಲ್ಲೇ. ಕ್ಷಣಾರ್ಧದಲ್ಲಿ 32 ದಾಟಿ 64ಕ್ಕೆ ಬೆಳೆಯುತ್ತದೆ, ಬೆಳೆದ ಮೇಲೆ ಹಿಂದಿನ ಮಾತು ಮರೆಯುತ್ತದೆ.

ಮರೆತವನಿಗೆ ದುಭಾಷಿ ಬೇಕು. 2002ರಲ್ಲಿ ಬಿಡುಗಡೆಯಾದ ‘ಡಾಸ್‌ಬಾಕ್ಸ್’ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಅದು ಆಟದ ಒಂದೊಂದೇ ಆಜ್ಞೆಯನ್ನು ತೆಗೆದುಕೊಂಡು, ಅಂದಿನ ಪ್ರೊಸೆಸರು ಇದನ್ನು ಓದಿದ್ದರೆ ಏನು ಮಾಡುತ್ತಿತ್ತು ಎಂದು ನೋಡಿ, ಅದನ್ನೇ ಇಂದಿನ ಯಂತ್ರದಲ್ಲಿ ಮಾಡಿ ತೋರಿಸುತ್ತದೆ. ಪ್ರೊಸೆಸರು ಒಂದೇ ಸಾಲದು. ಅಂದಿನ ಪರದೆಯ ಕಾರ್ಡು, ಸೌಂಡ್ ಬ್ಲಾಸ್ಟರ್ ಕಾರ್ಡು, ಕೀಬೋರ್ಡು, ಗಡಿಯಾರದ ಚಿಪ್ಪು ಎಲ್ಲದರ ವೇಷವನ್ನೂ ಅದೇ ಹಾಕಬೇಕು. ಇದಕ್ಕೆ ಎಮ್ಯುಲೇಶನ್ ಎಂದು ಹೆಸರು. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಥಾಣೆ–ಬೇಲಾಪುರ ರಸ್ತೆಯ ಅಂಚಿನ ಐರೋಲಿ, ರಬಾಳೆ, ಮಹಾಪೆಗಳಲ್ಲಿ ಕಿಟಕಿಯಿಲ್ಲದ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ನಿಂತಿವೆ. ಅಲ್ಲಿ ಒಂದೊಂದು ನಿಜವಾದ ಯಂತ್ರದೊಳಗೆ ಹತ್ತಾರು ತೋರಿಕೆಯ ಯಂತ್ರಗಳು ಓಡುತ್ತಿರುತ್ತವೆ. ನನ್ನ ಲ್ಯಾಪ್‌ಟಾಪಿನಲ್ಲಿ ಅಂದು ನಡೆದದ್ದು ಅದರ ಹತ್ತಿರದ ನೆಂಟ. ವ್ಯತ್ಯಾಸವಿಷ್ಟೇ: ಅಲ್ಲಿ ತೋರಿಕೆಯ ಯಂತ್ರಕ್ಕೂ ನಿಜವಾದ ಯಂತ್ರಕ್ಕೂ ಭಾಷೆ ಒಂದೇ, ಹೆಚ್ಚಿನ ಆಜ್ಞೆಗಳು ನೇರವಾಗಿ ನಡೆಯುತ್ತವೆ. ಇಲ್ಲಿ ಪ್ರತಿ ಮಾತಿಗೂ ದುಭಾಷಿ ಬೇಕು.

ಹೊಂದಿಸುವ ಕೆಲಸ ಕಷ್ಟದ್ದಲ್ಲ. ಆಟ ಬಿಚ್ಚಿಟ್ಟ ಫೋಲ್ಡರನ್ನು ಡಾಸ್‌ಬಾಕ್ಸಿಗೆ ‘ಇದೇ ನಿನ್ನ ಸಿ ಡ್ರೈವ್’ ಎಂದು ತೋರಿಸಲು ಮೌಂಟ್ ಎಂಬ ಆಜ್ಞೆ ಇದೆ. ಆಮೇಲೆ ಸಿ ಡ್ರೈವಿಗೆ ದಾಟಿ ಆಟದ ಹೆಸರು ಟೈಪ್ ಮಾಡಿದರೆ ಆಯಿತು. ಆಟ ತೆರೆದುಕೊಂಡಿತು. ಅದೇ ಗುಡ್ಡ, ಅದೇ ಆಕಾಶ. ಮಗಳು ಕೋನ ಹೊಂದಿಸಿ ಸ್ಪೇಸ್ ಒತ್ತಿದಳು. ಗುಂಡು ಕಣ್ಣಿಗೆ ಕಾಣಲೇ ಇಲ್ಲ. ಫಿರಂಗಿಯ ಬಾಯಿಂದ ಹೊರಟದ್ದೂ ಎದುರಿನ ಗುಡ್ಡ ಸಿಡಿದದ್ದೂ ಒಂದೇ ಕ್ಷಣ. ಯಾವತ್ತೋ ಬೇರೆ ಆಟಕ್ಕೆಂದು ವೇಗವನ್ನು ಗರಿಷ್ಠಕ್ಕೆ ಇಟ್ಟಿದ್ದೆ, ಅದು ಹಾಗೆಯೇ ಉಳಿದಿತ್ತು.

ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದು ಆ ಒಂದು ಕ್ಷಣದ ಬಗ್ಗೆಯೇ.

ಗುಂಡಿನ ದಾರಿಯನ್ನು ಇಂಥ ಆಟಗಳು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುತ್ತವೆ. ಗುಂಡು ಮೇಲಕ್ಕೆ 10ರ ವೇಗದಲ್ಲಿ ಹೊರಟಿತು, ಗುರುತ್ವ ಪ್ರತಿ ಹೆಜ್ಜೆಗೆ 1 ಕಳೆಯುತ್ತದೆ ಎನ್ನಿ. ಮೊದಲ ಹೆಜ್ಜೆಗೆ 10 ಏರುತ್ತದೆ, ಎರಡನೆಯದಕ್ಕೆ 9, ಮೂರನೆಯದಕ್ಕೆ 8. ಎತ್ತರಗಳು 10, 19, 27, 34, 40 ಹೀಗೆ ಸಾಗಿ 55ಕ್ಕೆ ನಿಂತು ಇಳಿಯತೊಡಗುತ್ತವೆ. ಅಡ್ಡದ ದಿಕ್ಕಿನಲ್ಲಿ ಪ್ರತಿ ಹೆಜ್ಜೆಗೂ ಒಂದೇ ದೂರ. ಚೌಕುಳಿ ಹಾಳೆಯಲ್ಲಿ ಚುಕ್ಕೆ ಇಟ್ಟು ಸೇರಿಸಿದರೆ ಪರವಲಯ ಮೂಡುತ್ತದೆ. ಇದನ್ನೇ ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಸಾಧಿಸಿ ತೋರಿಸಿದ. ಗಾಳಿಯಿಲ್ಲದ ಸಮತಟ್ಟಿನ ನೆಲದಲ್ಲಿ 45 ಡಿಗ್ರಿಗೆ ಗುಂಡು ಅತಿ ದೂರ ಹೋಗುತ್ತದೆ, 30ಕ್ಕೂ 60ಕ್ಕೂ ಒಂದೇ ಕಡೆ ಬೀಳುತ್ತದೆ. ಗಾಳಿಯನ್ನು ಬೆನ್ನಿನಿಂದ ಒಂದೇ ಸಮನೆ ತಳ್ಳುವ ಬಲವೆಂದು ಭಾವಿಸಿದರೆ ಉತ್ತಮ ಕೋನ 45ಕ್ಕಿಂತ ಮೇಲೇರುತ್ತದೆ. ಗುಂಡು ಹೆಚ್ಚು ಹೊತ್ತು ಗಾಳಿಯಲ್ಲಿ ಇದ್ದಷ್ಟೂ ಗಾಳಿ ಅದನ್ನು ಹೆಚ್ಚು ಒಯ್ಯುತ್ತದೆ. ಎದುರುಗಾಳಿಯಾದರೆ ಕೋನ ತಗ್ಗಿಸಬೇಕು. ಹತ್ತು ವರ್ಷದ ಮಕ್ಕಳು ಸೂತ್ರದ ಹಂಗಿಲ್ಲದೆ ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಇದನ್ನು ಕಂಡುಕೊಳ್ಳುತ್ತಾರೆ. ಭೌತವಿಜ್ಞಾನದ ತರಗತಿಗಳಲ್ಲಿ ಈ ಆಟವನ್ನು ಒಂದು ತಾಸು ಆಡಿಸಬೇಕೆಂದು ನಾನು ನಿಜವಾಗಿಯೂ ಬಯಸುತ್ತೇನೆ.

ಕಂಪ್ಯೂಟರ್ ಹುಟ್ಟಿದ್ದಕ್ಕೂ ಈ ಲೆಕ್ಕಕ್ಕೂ ನಂಟಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಫಿರಂಗಿ ಗುಂಡುಗಳ ಕೋಷ್ಟಕ ಬೇಕಿತ್ತು. ಲೆಕ್ಕ ಮಾಡುತ್ತಿದ್ದವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಅವರ ಹುದ್ದೆಯ ಹೆಸರೇ ‘ಕಂಪ್ಯೂಟರ್’. ಒಂದು ಗುಂಡಿನ ದಾರಿಗೆ ಮೇಜಿನ ಲೆಕ್ಕದ ಯಂತ್ರದಲ್ಲಿ ಸುಮಾರು 20 ತಾಸು ಹಿಡಿಯುತ್ತಿತ್ತು. ಇದಕ್ಕೆಂದೇ ಕಟ್ಟಿದ ಎನಿಯಾಕ್ ಯಂತ್ರ, 1946ರ ಫೆಬ್ರುವರಿಯಲ್ಲಿ ಜನರಿಗೆ ತೋರಿಸಿದಾಗ, ಅದನ್ನು ಅರ್ಧ ನಿಮಿಷದಲ್ಲಿ ಮುಗಿಸುತ್ತಿತ್ತು.

ಈಗ ನಮ್ಮ ಆಟಕ್ಕೆ ಮರಳೋಣ. ಆಟದೊಳಗೆ ಗುಂಡು ತನ್ನ ಹೆಜ್ಜೆಗಳನ್ನೆಲ್ಲ ಒಂದೂ ಬಿಡದೆ ಇಟ್ಟಿತ್ತು. ಅದೇ ಪರವಲಯ, ಅದೇ ಎತ್ತರ. ತಪ್ಪಿದ್ದು ಒಂದೇ: ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ನಮ್ಮ ಲೋಕದ ಎಷ್ಟು ಹೊತ್ತು ಕಳೆಯಬೇಕು ಎಂಬುದು. ಅಂದಿನ ಅನೇಕ ಪ್ರೋಗ್ರಾಮರುಗಳು ಗಡಿಯಾರ ನೋಡುತ್ತಿರಲಿಲ್ಲ. ‘ಸಾವಿರದವರೆಗೆ ಸುಮ್ಮನೆ ಎಣಿಸು, ಆಮೇಲೆ ಮುಂದಿನ ಹೆಜ್ಜೆ ಇಡು’ ಎಂದು ಬರೆಯುತ್ತಿದ್ದರು. ಅವರ ಯಂತ್ರ ಎಣಿಸುವ ವೇಗವೇ ಅವರ ಗಡಿಯಾರ. ಯಂತ್ರ ಬದಲಾದರೆ ಕಾಲವೂ ಬದಲಾಗುತ್ತದೆ. ಹಳೆಯ ಕ್ಯಾಬಿನೆಟ್ಟುಗಳ ಮೇಲೆ ‘ಟರ್ಬೋ’ ಎಂಬ ಗುಂಡಿ ಇತ್ತಲ್ಲ, ಅದರ ನಿಜವಾದ ಉಪಯೋಗ ವೇಗ ತಗ್ಗಿಸುವುದು. ಅದಕ್ಕೂ ಹಳೆಯ ಆಟಗಳಿಗಾಗಿ.

ಇನ್ನೂ ವಿಚಿತ್ರವಾದ ಕಾಯಿಲೆಯೊಂದು ಟರ್ಬೋ ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ತಂತ್ರಾಂಶಗಳಿಗೆ ಬಂತು. ಅವು ಶುರುವಾಗುವಾಗ ಗಡಿಯಾರದ ಎರಡು ಬಡಿತಗಳ ನಡುವೆ, ಅಂದರೆ 55 ಮಿಲಿಸೆಕೆಂಡಿನಲ್ಲಿ, ಎಷ್ಟು ಎಣಿಸಬಲ್ಲೆ ಎಂದು ಪರೀಕ್ಷಿಸಿ, ಬಂದ ಸಂಖ್ಯೆಯನ್ನು 55ರಿಂದ ಭಾಗಿಸಿ ಇಟ್ಟುಕೊಳ್ಳುತ್ತಿದ್ದವು. ಭಾಗಲಬ್ಧಕ್ಕೆ ಕೊಟ್ಟ ಡಬ್ಬಿ 16 ಬಿಟ್‌ನದು, 65,535ಕ್ಕಿಂತ ದೊಡ್ಡದು ಹಿಡಿಯದು. 1990ರ ದಶಕದ ಕೊನೆಗೆ ಪ್ರೊಸೆಸರುಗಳು 55 ಮಿಲಿಸೆಕೆಂಡಿನಲ್ಲಿ 36 ಲಕ್ಷಕ್ಕಿಂತ ಹೆಚ್ಚು ಎಣಿಸತೊಡಗಿದವು. ಡಬ್ಬಿ ತುಂಬಿ ಹೊರಚೆಲ್ಲಿತು, ‘ರನ್‌ಟೈಮ್ ಎರರ್ 200’ ಎಂದು ತೋರಿಸಿ ತಂತ್ರಾಂಶ ಸತ್ತಿತು. ಯಂತ್ರ ತೀರ ಚುರುಕಾದದ್ದೇ ಅದರ ಸಾವಿಗೆ ಕಾರಣ.

ಆ 55 ಮಿಲಿಸೆಕೆಂಡು ಎಲ್ಲಿಂದ ಬಂತೆಂದು ಹುಡುಕುತ್ತ ಹೋದರೆ ಒಂದು ಸೊಗಸಾದ ಸಂಗತಿ ಸಿಗುತ್ತದೆ. ಐಬಿಎಮ್ 1981ರಲ್ಲಿ ತನ್ನ ಪಿಸಿ ಕಟ್ಟುವಾಗ 14.31818 ಮೆಗಾಹರ್ಟ್ಸ್‌ನ ಸ್ಫಟಿಕ ಬಳಸಿತು. ಅದು ಅಮೆರಿಕದ ಬಣ್ಣದ ಟಿವಿಯ ಸಂಕೇತಕ್ಕೆ ಬೇಕಾದ ಆವರ್ತನದ ನಾಲ್ಕು ಪಟ್ಟು. ಅದನ್ನು 3ರಿಂದ ಭಾಗಿಸಿದರೆ ಪ್ರೊಸೆಸರಿನ ವೇಗ, 4.77 ಮೆಗಾಹರ್ಟ್ಸ್. 12ರಿಂದ ಭಾಗಿಸಿದರೆ ಗಡಿಯಾರದ ಚಿಪ್ಪಿನ ವೇಗ. ಆ ಚಿಪ್ಪು 65,536 ಎಣಿಸಿ ಒಂದು ಸಲ ಬಡಿಯುತ್ತದೆ. ಸೆಕೆಂಡಿಗೆ 18.2 ಬಡಿತ, ಬಡಿತಕ್ಕೆ 55 ಮಿಲಿಸೆಕೆಂಡು. 1982ರಲ್ಲಿ ನಮ್ಮ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಆರಿಸಿಕೊಂಡದ್ದು ಪಾಲ್ ಪದ್ಧತಿಯನ್ನು, ಅಮೆರಿಕದ್ದನ್ನಲ್ಲ. ಆದರೂ ನಮ್ಮ ಮನೆಗಳಿಗೆ ಬಂದ ಪ್ರತಿ ಪಿಸಿಯ ಎದೆಬಡಿತ ಅಮೆರಿಕದ ಟಿವಿಯದೇ ಆಗಿತ್ತು.

ಡಾಸ್‌ಬಾಕ್ಸಿನಲ್ಲಿ ಈ ಎದೆಬಡಿತವನ್ನು ಬೆರಳಿನಿಂದ ಹೊಂದಿಸಬಹುದು. ಮಿಲಿಸೆಕೆಂಡಿಗೆ ಎಷ್ಟು ಆಜ್ಞೆ ನಡೆಯಬೇಕು ಎಂಬ ಸಂಖ್ಯೆಗೆ ಅಲ್ಲಿ ‘ಸೈಕಲ್ಸ್’ ಎನ್ನುತ್ತಾರೆ. ಕಂಟ್ರೋಲ್ ಮತ್ತು ಎಫ್11 ಒತ್ತಿದರೆ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. 3,000ಕ್ಕೆ ಇಳಿಸಿದೆ. ಗುಡ್ಡ ಬಿಡಿಸುವುದೇ ನಿಧಾನವಾಯಿತು. ಏರಿಸುತ್ತ 8,000ದ ಆಸುಪಾಸು ಬಂದಾಗ ಗುಂಡು ನನ್ನ ನೆನಪಿನ ವೇಗದಲ್ಲಿ ಹಾರಿತು: ತುದಿ ಮುಟ್ಟುವಾಗ ಉಸಿರು ಹಿಡಿಯುವಷ್ಟು ನಿಧಾನ, ಇಳಿಯುವಾಗ ಅಯ್ಯೋ ಎನ್ನುವಷ್ಟು ಬಿರುಸು. ಅದೊಂದು ಅಳತೆ. ಮೂವತ್ತು ವರ್ಷ ಹಿಂದಿನ ಯಂತ್ರದ ವೇಗವನ್ನು ನಾನು ಅಳೆದದ್ದು ನನ್ನ ಉಸಿರಿನಿಂದ.

ಪರದೆಯ ವಿಷಯದಲ್ಲೂ ಹಿಕನ್ ಯಂತ್ರದ ಮೂಲೆಮೂಲೆ ಬಲ್ಲವರು. ಅಂದಿನ ವಿಜಿಎ ಕಾರ್ಡಿನ 256 ಬಣ್ಣದ ಸಾಮಾನ್ಯ ಚಿತ್ರ 320ಕ್ಕೆ 200 ಚುಕ್ಕೆಯದು. 64,000 ಬೈಟು, ಪ್ರೊಸೆಸರಿಗೆ ಕಾಣುವ 65,536 ಬೈಟಿನ ಕಿಟಕಿಯೊಳಗೆ ಸರಿಯಾಗಿ ಕೂರುತ್ತದೆ. ಈ ಆಟ ಬಳಸಿದ್ದು 360ಕ್ಕೆ 480. ಅಂದರೆ 1,72,800 ಬೈಟು, ಕಿಟಕಿಗಿಂತ ಎರಡೂವರೆ ಪಟ್ಟು ದೊಡ್ಡದು. ಕಾರ್ಡಿನ ನೆನಪು ನಾಲ್ಕು ಪದರಗಳಲ್ಲಿತ್ತು. ಪಕ್ಕಪಕ್ಕದ ನಾಲ್ಕು ಚುಕ್ಕೆಗಳನ್ನು ನಾಲ್ಕು ಪದರಕ್ಕೆ ಹಂಚಿದರೆ ಪದರಕ್ಕೆ 43,200 ಬೈಟು, ಕಿಟಕಿಯಲ್ಲಿ ಹಿಡಿಯಿತು. ಗುಡ್ಡದ ಅಂಚು ಅಷ್ಟು ನಯವಾಗಿ ಕಾಣುತ್ತಿದ್ದುದರ ಗುಟ್ಟು ಇದು.

ಮಗಳಿಗೆ ಹೆಚ್ಚು ಹಿಡಿಸಿದ್ದು ಬೇರೆ. ಟ್ಯಾಂಕುಗಳು ಗುಂಡು ಹಾರಿಸುವಾಗಲೂ ಸಾಯುವಾಗಲೂ ಒಂದೊಂದು ಮಾತು ಆಡುತ್ತವೆ. ಆ ಮಾತುಗಳು ಆಟದ ಜೊತೆಗಿರುವ ಎರಡು ಸಾದಾ ಪಠ್ಯದ ಫೈಲುಗಳಲ್ಲಿವೆ, ಯಾರು ಬೇಕಾದರೂ ತಿದ್ದಬಹುದು. “ಕನ್ನಡದಲ್ಲಿ ಬರೆಯೋಣ ಅಪ್ಪಾ” ಎಂದಳು. ಇಂಗ್ಲಿಷ್ ಅಕ್ಷರಗಳಲ್ಲಿ ‘ತಗೋ ಮಾರಾಯ’, ‘ಅಯ್ಯೋ ಸತ್ತೆ’ ಎಂದೆಲ್ಲ ತುಂಬಿಸಿದೆವು. ಕನ್ನಡ ಲಿಪಿಯಲ್ಲಿ ಬರೆಯಲಾಗಲಿಲ್ಲ. ಅಂದಿನ ಪಿಸಿಯ ಅಕ್ಷರಪಟ್ಟಿಯಲ್ಲಿ ಇದ್ದದ್ದು 256 ಮನೆ, ಅದರಲ್ಲಿ ಗ್ರೀಕಿನ ಕೆಲವು ಅಕ್ಷರಗಳಿಗೆ ಜಾಗವಿತ್ತು, ಕನ್ನಡಕ್ಕೆ ಇರಲಿಲ್ಲ. ಆಟ ಹುಟ್ಟಿದ 1991ರಲ್ಲೇ ಯುನಿಕೋಡಿನ ಮೊದಲ ಆವೃತ್ತಿ ಕನ್ನಡಕ್ಕೆ ಜಾಗ ಕೊಟ್ಟಿತು, ಭಾರತೀಯ ಲಿಪಿಗಳ ಇಸ್ಕಿ ಮಾನಕವೂ ಅದೇ ವರ್ಷ ಬಂತು. ಆದರೆ ಅವು ಮನೆಯ ಯಂತ್ರಕ್ಕೆ ತಲುಪಲು ವರ್ಷಗಳೇ ಬೇಕಾದವು.

ಆ ನಡುವಿನ ವರ್ಷಗಳಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದವರು ಹಿಡಿದ ದಾರಿಯೂ ಹಂಚುವ ದಾರಿಯೇ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದಿದ್ದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಕನ್ನಡ ಮೂಡಿಸುವ ವಿನ್ಯಾಸ ಮಾಡಿದರು. ಡಾಸ್ ಕಾಲದ ತಮ್ಮ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ವೂ ಉಚಿತವಾಗಿಯೇ ಬಂತು. ಮುಂಬಯಿ, ಥಾಣೆ, ಡೊಂಬಿವಲಿಗಳ ಕನ್ನಡ ಸಂಘಗಳ ಎಷ್ಟೋ ಸ್ಮರಣಸಂಚಿಕೆಗಳು, ಕರಪತ್ರಗಳು, ಸದಸ್ಯರ ಪಟ್ಟಿಗಳು ಯುನಿಕೋಡ್ ಬರುವ ಮುಂಚಿನ ಇಂಥ ತಂತ್ರಾಂಶಗಳಲ್ಲಿ ತಯಾರಾದವು. ಇಂದು ಆ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿಲ್ಲ. ನನ್ನ ಟ್ಯಾಂಕಿಗೆ ತನ್ನ ಕಾಲದ ಗಡಿಯಾರ ಇಲ್ಲದೆ ಆದದ್ದೇ ಅದಕ್ಕೂ ತನ್ನ ಕಾಲದ ಫಾಂಟು ಇಲ್ಲದೆ ಆಗಿದೆ. ಆಟಗಳನ್ನು ಉಳಿಸಲು ಜಗತ್ತಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಕನ್ನಡದ ಹಳೆಯ ಕಡತ ಉಳಿಸುವವರು ನಾವೇ ಆಗಬೇಕು.

ಸೋನಿ ಕಂಪನಿ ಫ್ಲಾಪಿ ಮಾರುವುದನ್ನು 2011ರಲ್ಲಿ ನಿಲ್ಲಿಸಿತು. ಆದರೆ ಯುಎಸ್‌ಬಿಗೆ ಸಿಕ್ಕಿಸುವ ಫ್ಲಾಪಿ ಡ್ರೈವ್, ಸಿ.ಡಿ. ಡ್ರೈವ್ ಎರಡೂ ಈಗಲೂ ಸಿಗುತ್ತವೆ. ನಿಮ್ಮ ಅಟ್ಟದಲ್ಲಿ, ಸಂಘದ ಕಪಾಟಿನಲ್ಲಿ, ಊರಿನ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕನ್ನಡ ಫ್ಲಾಪಿಯೋ ಸಿ.ಡಿ.ಯೋ ಇದ್ದರೆ ಎಸೆಯಬೇಡಿ. ಕಡತವನ್ನಷ್ಟೇ ತೆಗೆಯದೆ ಅದರ ಜೊತೆಗಿನ ಫಾಂಟು, ತಂತ್ರಾಂಶ, ಇನ್‌ಸ್ಟಾಲ್ ಫೈಲು ಎಲ್ಲವನ್ನೂ ಇದ್ದ ಹಾಗೆ ನಕಲು ಮಾಡಿ ಎರಡು ಕಡೆ ಇಡಿ. ಈ ಕೆಲಸವನ್ನು ಈ ವರ್ಷವೇ, ಮಳೆಗಾಲ ಶುರುವಾಗುವ ಮೊದಲು ಮುಗಿಸಿ.